ಎಲೆಕೋಸು ತರದ ಎರಡು ವರ್ಷ

ನಮ್ಮ ಮನೆಗೆ ಎರಡು ವರ್ಷ ಎಲೆಕೋಸು ಬರಲಿಲ್ಲ. ನಮ್ಮ ಯಜಮಾನರಿಗೆ ಕೋಸಿನ ಪಲ್ಯ ಅಂದರೆ ಪ್ರಾಣ, ಮಗಳಿಗೂ ಅಷ್ಟೇ. ಆದರೂ ತರಲಿಲ್ಲ. ನನಗೆ ಥೈರಾಯ್ಡ್ ಇದೆ ಎಂದು ನಮ್ಮ ಅತ್ತೆ ಗಂಗಮ್ಮ ಮಧುಗಿರಿಯ ಅರ್ಧ ಊರಿಗೆ ಹೇಳಿಕೊಂಡು ಬಂದಿದ್ದರು. ಥೈರಾಯ್ಡ್ ಇರುವವರು ಕೋಸು ಮುಟ್ಟಬಾರದು ಎಂದು ಆ ಅರ್ಧ ಊರು ನಮಗೆ ತಿರುಗಿ ಹೇಳಿತ್ತು. ನನಗೆ ಥೈರಾಯ್ಡ್ ಇರಲಿಲ್ಲ. ಇದ್ದದ್ದು ಖಿನ್ನತೆ. ಈಗಲೂ ಇದೆ, ಮಾತ್ರೆಯಿಂದ ಹಿಡಿತದಲ್ಲಿದೆ.

ಓದಿ ನಗುವವರು ನಗಲಿ, ನಾನೇ ಎಷ್ಟೋ ಸಲ ನಕ್ಕಿದ್ದೇನೆ. ಆದರೆ ಆ ಸುಳ್ಳು ಕೊನೆಗೆ ನನ್ನ ನಾದಿನಿ ಗಿರಿಜಾಳ ಪ್ರಾಣಕ್ಕೇ ಬಂತು. ಅದಕ್ಕೇ ಬರೆಯುತ್ತಿದ್ದೇನೆ. ಬರವಣಿಗೆ ನನ್ನ ಕಸುಬಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತೇನೆ. ಪಕ್ಕದ ಬೀದಿಯ ಬಾಷಾ ಸಾಬರ ಹಾಸಿಗೆ ಅಂಗಡಿಗೆ ದಿಂಬಿನ ಕವರ್ ಹೊಲಿದು ಕೊಡುತ್ತೇನೆ. ಯಜಮಾನರದು ಮೋಟರ್ ವೈಂಡಿಂಗ್ ಅಂಗಡಿ, ರೈತರ ಬೋರ್‌ವೆಲ್ ಮೋಟರ್ ಸುಟ್ಟುಹೋದರೆ ನಮಗೆ ಅನ್ನ.

ಖಿನ್ನತೆ ಯಾಕೆ ಬಂತು ಎಂದು ಎಲ್ಲರೂ ಕೇಳುತ್ತಾರೆ. ಯಾರೂ ಸತ್ತಿರಲಿಲ್ಲ. ಗಂಡ ಕುಡಿಯುವವರಲ್ಲ. ಅತ್ತೆಯ ಬಾಯಿ ಜೋರು, ಮನಸ್ಸು ಮೆದು. ಹೇಳಿಕೊಳ್ಳೋಣವೆಂದರೆ ಒಂದು ಕಾರಣವೂ ಇರಲಿಲ್ಲ, ಅದೇ ನನಗೆ ದೊಡ್ಡ ನಾಚಿಕೆಯಾಗಿತ್ತು. ಉಣ್ಣಲು ತಿನ್ನಲು ಇರುವ ಮನೆಯಲ್ಲಿ ಕೂತು ಅಳುವವಳಿಗೆ ಏನೆನ್ನಬೇಕು? ಕೊಬ್ಬು ಎನ್ನುತ್ತಾರೆ. ನಾನೇ ನನಗೆ ಅಂದುಕೊಂಡೆ.

ಮೊದಲು ಕೈ ಕೆಟ್ಟಿತು. ಒಬ್ಬರ ಮದುವೆಯ ರೇಷ್ಮೆ ರವಿಕೆಗೆ ಎರಡೂ ತೋಳು ಎಡಗೈಗೇ ಕತ್ತರಿಸಿಬಿಟ್ಟೆ. ಹದಿನಾಲ್ಕು ವರ್ಷದಿಂದ ಕತ್ತರಿ ಹಿಡಿದವಳು. ಆ ಹುಡುಗಿಯ ತಾಯಿ ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈದಳು. ನನಗೆ ಬೇಜಾರೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಆಕೆಯ ಬಾಯಿ ಆಡುವುದನ್ನು ನೋಡುತ್ತಾ ಕೂತಿದ್ದೆ. ಆಮೇಲೆ ಬಟ್ಟೆಯ ಗಂಟುಗಳು ಕೋಣೆಯಲ್ಲಿ ಬೆಳೆಯುತ್ತಾ ಹೋದವು. ಬೆಳಗ್ಗೆ ಎದ್ದು ಸೂಜಿಗೆ ದಾರ ಪೋಣಿಸುವುದು ಬೆಟ್ಟ ಹತ್ತುವಷ್ಟು ಕಷ್ಟವೆನಿಸುತ್ತಿತ್ತು.

ಮಗಳು ಚಂದನಾ ಆಗ ಮೂರನೇ ಕ್ಲಾಸು. ಎಣ್ಣೆ ಬಾಟಲಿ, ಬಾಚಣಿಗೆ, ಎರಡು ಕೆಂಪು ಟೇಪು ಹಿಡಿದುಕೊಂಡು ನನ್ನ ಮುಂದೆ ಬೆನ್ನು ಹಾಕಿ ಕೂರುತ್ತಿದ್ದಳು. ನಾನು ಆ ಕೂದಲನ್ನು ಕೈಯಲ್ಲಿ ಹಿಡಿದು ಸುಮ್ಮನೆ ಇರುತ್ತಿದ್ದೆ. ಸ್ವಲ್ಪ ಹೊತ್ತು ಕಾದು, ಎದ್ದು ಹೋಗುತ್ತಿದ್ದಳು. ಒಂದು ಬೆಳಗ್ಗೆ ನೋಡಿದರೆ ಯಜಮಾನರು ಹಜಾರದಲ್ಲಿ ಕೂತು ಅವಳಿಗೆ ಜಡೆ ಹಾಕುತ್ತಿದ್ದರು. ತಾಮ್ರದ ತಂತಿ ಸುತ್ತುವ ಕೈ, ಎಷ್ಟು ಬಿಗಿಯಾಗಿ ಎಳೆದಿದ್ದರೆಂದರೆ ಮಗುವಿನ ಹುಬ್ಬು ಮೇಲಕ್ಕೆ ಹೋಗಿತ್ತು. ಅವಳು ನೋವೆನ್ನದೆ ಕೂತಿದ್ದಳು. ಅದನ್ನು ನೋಡಿ, ನಾನಿಲ್ಲದಿದ್ದರೂ ಈ ಮನೆ ನಡೆಯುತ್ತದೆ ಎಂದು ನನಗೆ ಅನಿಸಿತು. ಆಗ ಅದು ಸಮಾಧಾನದ ಹಾಗೆ ಕೇಳಿಸಿತ್ತು. ಎಂಥ ಕೆಟ್ಟ ಸಮಾಧಾನ ಅದು ಎಂದು ಈಗ ಗೊತ್ತು.

ಊರಿನ ಡಾಕ್ಟರು ರಕ್ತಪರೀಕ್ಷೆ ಬರೆದುಕೊಟ್ಟರು. ಥೈರಾಯ್ಡ್ ಇದ್ದರೂ ಹೀಗೆ ಸುಸ್ತಾಗುತ್ತದಂತೆ. ರಿಪೋರ್ಟಿನಲ್ಲಿ ಎಲ್ಲ ಸರಿಯಾಗಿತ್ತು. ಮನಸ್ಸಿನ ಡಾಕ್ಟರ ಹತ್ತಿರ ಒಮ್ಮೆ ತೋರಿಸಿ ಎಂದರು. ಯಜಮಾನರು ಆ ರಿಪೋರ್ಟಿನ ಕಾಗದವನ್ನು ನಾಲ್ಕು ಮಡಿಕೆ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಮಧುಗಿರಿಯಲ್ಲಿ ತೋರಿಸಿದರೆ ಯಾರಾದರೂ ನೋಡಿಬಿಡುತ್ತಾರೆ ಎಂದು ಶಿರಾಕ್ಕೆ ಹೋದೆವು. ಅಲ್ಲೊಂದು ಸಣ್ಣ ಕ್ಲಿನಿಕ್ಕು, ವಾರಕ್ಕೆರಡು ದಿನ ಡಾಕ್ಟರು ಬಂದು ಕೂರುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ಸದ್ದಿಲ್ಲದ ಟಿವಿ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಚೀಟಿ ಬರೆಯುವ ಸಿಸ್ಟರು ಮಾತ್ರ ಹೆಸರಿನ ಜೊತೆ ಊರನ್ನೂ ಸೇರಿಸಿ ಕೂಗುತ್ತಿದ್ದರು. ಮಧುಗಿರಿ ಶಾರದಾ ಎಂದು ಕೂಗಿದಾಗ ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಎದುರು ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಒಬ್ಬರು ತಲೆ ಎತ್ತಿದರು. ನಮ್ಮ ಬಾಷಾ ಸಾಬರು. ಪಕ್ಕದಲ್ಲಿ ಬುರ್ಖಾ ಹಾಕಿದ ಅವರ ಹೆಂಡತಿ, ಕೈ ಕೈ ಹಿಸುಕಿಕೊಳ್ಳುತ್ತಾ ಕೂತಿದ್ದರು.

ಒಂದು ಗಳಿಗೆ ಮೂವರೂ ಬೆಪ್ಪಾದೆವು. ಆಮೇಲೆ ಸಾಬರು ಎದ್ದು ಬಂದು ಯಜಮಾನರ ಕಿವಿಯ ಹತ್ತಿರ ಬಗ್ಗಿದರು.

"ನಾಗರಾಜಣ್ಣ, ನಾನು ನಿಮ್ಮುನ್ನ ನೋಡಿಲ್ಲ. ನೀವೂ ನನ್ನ ನೋಡಿಲ್ಲ. ಆಯ್ತಲ್ಲ?"

ಯಜಮಾನರು ಆಯ್ತೆಂದು ತಲೆ ಆಡಿಸಿದರು. ಶಿರಾದವರು ಯಾರೂ ಇಲ್ಲಿಗೆ ಬರುವುದಿಲ್ಲ, ಅವರೆಲ್ಲ ತುಮಕೂರಿಗೆ ಹೋಗುತ್ತಾರೆ ಎಂದು ಸಿಸ್ಟರು ಆಮೇಲೊಮ್ಮೆ ಹೇಳಿ ನಕ್ಕರು. ಕಾಯಿಲೆ ಎಲ್ಲರದೂ ಒಂದೇ, ಬಸ್ಸು ಮಾತ್ರ ಬೇರೆ ಬೇರೆ ಊರಿಗೆ. ಆ ದಿನದಿಂದ ಮಧುಗಿರಿಯ ಬೀದಿಯಲ್ಲಿ ಸಾಬರು ಎದುರಾದರೆ ಇಬ್ಬರೂ ಮುಖ ತಿರುಗಿಸುತ್ತಿದ್ದೆವು. ಹತ್ತು ವರ್ಷದಿಂದ, ಚೆನ್ನಾಗಿದ್ದೀರೇನಮ್ಮ ಎಂದು ಕೇಳುತ್ತಿದ್ದ ಮನುಷ್ಯ. ದಿಂಬಿನ ಕವರನ್ನು ಅಂಗಡಿಯ ಆಳಿನ ಕೈಯಲ್ಲಿ ತರಿಸಿಕೊಳ್ಳತೊಡಗಿದರು.

ಡಾಕ್ಟರು ವಯಸ್ಸಾದ ಹೆಂಗಸು. ಬೆಳಗ್ಗೆ ಎದ್ದ ಕೂಡಲೇ ಏನನ್ನಿಸುತ್ತೆ ಎಂದು ಕೇಳಿದರು. ಯಾಕೆ ಎದ್ದೆ ಅನ್ನಿಸುತ್ತೆ ಎಂದೆ. ಯಜಮಾನರು ತಟ್ಟನೆ ನನ್ನ ಕಡೆ ತಿರುಗಿದರು. ಅವರಿಗೆ ಅದು ಹೊಸ ಸುದ್ದಿ. ಮಗಳಿಗೆ ಜಡೆ ಯಾರು ಹಾಕುತ್ತಾರೆ ಎಂದು ಡಾಕ್ಟರು ಕೇಳಿದಾಗ ನಾನು ಅಳಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಅವರು ಸುಮ್ಮನೆ ಕಾದರು. ಹೊರಗೆ ಅಷ್ಟು ಜನ ಇದ್ದರೂ ಕಾದರು. ಖಿನ್ನತೆ ಎಂಬ ಹೆಸರನ್ನು, ಜ್ವರ ಅಂದಷ್ಟು ಸಲೀಸಾಗಿ ಹೇಳಿದರು. ಬರುವಾಗ ಬಸ್ಸಿನಲ್ಲಿ ಯಜಮಾನರು ನನ್ನ ಕೈ ಹಿಡಿದುಕೊಂಡು ಕೂತಿದ್ದರು. ಮದುವೆಯಾದ ಮೇಲೆ ಬಸ್ಸಿನಲ್ಲಿ ಅವರು ಕೈ ಹಿಡಿದದ್ದು ಅದೇ ಮೊದಲು.

ಅತ್ತೆಗೆ ಹೇಳಿದಾಗ ಅವರು ಮೊದಲು ಕೇಳಿದ್ದು, ಯಾರಾದ್ರೂ ನೋಡುದ್ರಾ ಅಂತ. ಗಿರಿಜಾಳನ್ನು ಪಾವಗಡದ ಕಡೆ, ನಾಗಲಮಡಿಕೆ ಹತ್ತಿರದ ಹಳ್ಳಿಗೆ ಕೊಟ್ಟಿತ್ತು. ಮನೆಯಲ್ಲಿ ತೆಲುಗು ಮಾತಾಡುವ ಜನ, ಮಾತು ಕಮ್ಮಿ, ಲೆಕ್ಕಾಚಾರ ಜಾಸ್ತಿ. ತವರಿನಲ್ಲಿ ತಲೆ ಕೆಟ್ಟವರಿದ್ದಾರೆ ಎಂದು ಗೊತ್ತಾದರೆ ಮಗಳನ್ನು ಬಾಳಿಸುತ್ತಾರಾ? ಅದು ಅತ್ತೆಯ ಭಯ. ನಾನು ಅವರನ್ನು ದೂರುವುದಿಲ್ಲ, ಆ ಭಯ ಸುಳ್ಳೂ ಆಗಲಿಲ್ಲ.

ಯಜಮಾನರ ಜೇಬಿನ ಆ ಕಾಗದ ಅತ್ತೆಯ ಕೈಗೆ ಸಿಕ್ಕಿತು. ಅದರ ಮೇಲೆ ಥೈರಾಯ್ಡ್ ಎಂದು ಬರೆದಿತ್ತಲ್ಲ, ಅಷ್ಟು ಸಾಕಾಯಿತು. ಪಕ್ಕದ ಮನೆಯವರಿಗೆ ಹೇಳಿದರು, ಹಾಲಿನವನಿಗೆ ಹೇಳಿದರು, ಗಿರಿಜಾಗೂ ಫೋನಿನಲ್ಲಿ ಹೇಳಿದರು. ಯಾರದೋ ಮನೆಯಿಂದ ಥೈರಾಯ್ಡ್ ಮಾತ್ರೆಯ ಖಾಲಿ ಬಾಟಲಿ ಕೇಳಿ ತಂದು, ನನ್ನ ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ ಅದಕ್ಕೆ ತುಂಬಿದರು. ತರಕಾರಿ ಗಾಡಿ ಬಂದರೆ ಬೀದಿಗೆಲ್ಲ ಕೇಳುವ ಹಾಗೆ, ಕೋಸು ಬ್ಯಾಡಪ್ಪ, ನಮ್ ಸೊಸೆಗೆ ಥೈರಾಯ್ಡು ಎನ್ನುತ್ತಿದ್ದರು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ ನುಂಗುವಂಥದ್ದು, ಹಾಗಾಗಿ ಮನೆಗೆ ನೆಂಟರು ಬಂದರೆ ಬೆಳಗ್ಗೆ ಅವರ ಕಣ್ಣೆದುರಿಗೇ ನಾನು ಮಾತ್ರೆ ನುಂಗಿದ ಹಾಗೆ ಬರೀ ನೀರು ಕುಡಿಯಬೇಕು. ನನ್ನ ನಿಜವಾದ ಮಾತ್ರೆ ರಾತ್ರಿ ಊಟವಾದ ಮೇಲೆ. ಕಾಯಿಲೆಯ ಸುಸ್ತು ಸಾಲದೆಂದು ನಾಟಕದ ಸುಸ್ತೂ ಬಂತು.

ಮೊದಲ ಹದಿನೈದು ದಿನ ಮಾತ್ರೆಯಿಂದ ಬಾಯಿ ಒಣಗಿತು, ಹೊಟ್ಟೆ ತೊಳೆಸಿತು, ಬಿಟ್ಟುಬಿಡೋಣ ಅನಿಸಿತು. ಯಜಮಾನರು ಬಿಡಗೊಡಲಿಲ್ಲ. ವಾಸಿಯಾಗುವುದು ಯಾವತ್ತು ಶುರುವಾಯಿತೋ ಗೊತ್ತಿಲ್ಲ. ಒಂದು ದಿನ ಒಗ್ಗರಣೆಯ ವಾಸನೆ ಮೂಗಿಗೆ ಬಂತು. ಎಷ್ಟು ತಿಂಗಳಾಗಿತ್ತೋ ಮನೆಯಲ್ಲಿ ಒಗ್ಗರಣೆ ಹಾಕುವುದು ನನಗೆ ಗೊತ್ತಾಗಿ. ಇನ್ನೊಂದು ದಿನ ಚಂದನಾ ಟೇಪು ಹಿಡಿದು ಬಂದು, ಕೂರಲೋ ಬೇಡವೋ ಎಂದು ನಿಂತಳು. ಕರೆದು ಕೂರಿಸಿಕೊಂಡೆ. ಜಡೆ ಸೊಟ್ಟಗಾಯಿತು, ಅವಳು ಅದನ್ನು ಸಂಜೆಯವರೆಗೂ ಬಿಚ್ಚಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದು ಸುಖದ ಕಥೆಯಾಗುತ್ತಿತ್ತು.

ಎರಡನೇ ವರ್ಷ ಗಿರಿಜಾಗೆ ಗಂಡು ಮಗುವಾಯಿತು. ಬಾಣಂತನ ಮುಗಿಸಿಕೊಂಡು ನಮ್ಮಿಂದ ಹೋಗುವಾಗ ಚೆನ್ನಾಗಿಯೇ ಇದ್ದಳು. ಮಗುವಿಗೆ ಆರು ತಿಂಗಳಾದಾಗ ಒಂದು ಮಧ್ಯಾಹ್ನ ನನಗೆ ಫೋನ್ ಮಾಡಿದಳು. ಅತ್ತೆ ನನ್ನೆದುರು ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಸ್ಪೀಕರ್ ಹಾಕಿದ್ದೆ.

"ಅತ್ತಿಗೆ, ನಿಂಗೆ ಥೈರಾಯ್ಡ್ ಬಂದಾಗ ಹೆಂಗಾಗ್ತಿತ್ತು? ಎದ್ದೇಳಾಕೇ ಆಯ್ತಿರ್ಲಿಲ್ವಾ? ಮಗಾ ಅತ್ರೆ ಯಾರ್ದೋ ಮನೆ ಮಗಾ ಅಳ್ತೈತೆ ಅನ್ಸೋದಾ?"

ಅವಳು ಏನು ಕೇಳುತ್ತಿದ್ದಾಳೆಂದು ನನಗೆ ಒಂದೇ ಮಾತಿಗೆ ಗೊತ್ತಾಯಿತು. ಈ ಭೂಮಿಯ ಮೇಲೆ ಅವಳಿಗೆ ಸರಿಯಾದ ಉತ್ತರ ಕೊಡಬಲ್ಲವರು ಯಾರಾದರೂ ಇದ್ದರೆ ಅದು ನಾನು. ಅತ್ತೆಯ ಕೈ ಅವರೆಕಾಯಿಯ ಮೇಲೆ ನಿಂತಿತು. ಬೇಡ ಎಂದು ತಲೆ ಆಡಿಸಿದರು. ಆ ಫೋನು ಬೀಗರ ಮನೆಯ ಹಜಾರದಲ್ಲಿ ಸ್ಪೀಕರಿನಲ್ಲಿರಬಹುದು, ಯಾರು ಕೇಳಿಸಿಕೊಳ್ಳುತ್ತಿದ್ದಾರೋ ಏನೋ.

"ಹ್ಞೂಂ, ಹಂಗೇ ಆಗ್ತಿತ್ತು" ಎಂದೆ. "ಥೈರಾಯ್ಡ್ ಟೆಸ್ಟ್ ಮಾಡಿಸ್ಕೊ ಗಿರಿಜಾ."

ತಲೆ ಆಡಿಸಿದ್ದು ಅತ್ತೆ, ನಿಜ. ಆದರೆ ನಾಲಿಗೆ ನನ್ನದು. ಇದನ್ನು ನಾನು ಯಾರ ತಲೆಗೂ ಕಟ್ಟುವುದಿಲ್ಲ. ಆಮೇಲೆ ಒಬ್ಬಳೇ ಇದ್ದಾಗ ಫೋನ್ ಮಾಡಿ ಹೇಳಬಹುದಿತ್ತು. ನಾಳೆ ಮಾಡೋಣ ಅಂದುಕೊಂಡೆ, ನಾಳೆಯೂ ನಾಳೆ ಅಂದುಕೊಂಡೆ. ವಾಸಿಯಾದವಳಿಗೆ ಮತ್ತೆ ಆ ಹೆಸರು ಬಾಯಲ್ಲಿ ತರಲು ಹೆದರಿಕೆ ನೋಡಿ.

ಅವಳು ಪಾವಗಡಕ್ಕೆ ಹೋಗಿ ಟೆಸ್ಟ್ ಮಾಡಿಸಿಕೊಂಡಳು. ಎಲ್ಲ ಸರಿಯಾಗಿದೆ ಎಂದು ಬಂತು. ಏಮೀ ಲೇದಂಟ, ಏನೂ ಇಲ್ಲವಂತೆ, ಎಂದು ಅವಳತ್ತೆ ಅಕ್ಕಪಕ್ಕದವರಿಗೆಲ್ಲ ಹೇಳಿದರಂತೆ. ಏನೂ ಇಲ್ಲದ ಮೇಲೆ ಮಲಗಿಕೊಳ್ಳುವುದು ಯಾಕೆ? ಸೋಮಾರಿತನ ಎಂದರು, ಕೆಲಸಗಳ್ಳತನ ಎಂದರು. ಅವಳೂ ನಂಬಿದಳು. ಅತ್ತಿಗೆಗೆ ಕಾಯಿಲೆ ಇತ್ತು, ವಾಸಿಯಾಯಿತು. ತನಗೆ ಕಾಯಿಲೆಯೇ ಇಲ್ಲ, ಹಾಗಾದರೆ ತಾನೇ ಕೆಟ್ಟವಳು. ಫೋನ್ ಮಾಡುವುದನ್ನು ನಿಲ್ಲಿಸಿದಳು. ಸಂಸಾರದಲ್ಲಿ ಬಿದ್ದಿದ್ದಾಳೆ ಬುಡು ಎಂದರು ಅತ್ತೆ.

ಒಂದೂವರೆ ತಿಂಗಳ ಮೇಲೆ ಅವಳ ಗಂಡ ಫೋನ್ ಮಾಡಿದರು. ಹೊಲದ ಕೃಷಿ ಹೊಂಡದ ಅಂಚಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬೆಳಗ್ಗೆಯಿಂದ ಕೂತಿದ್ದಳಂತೆ. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಅಜ್ಜಿ ನೋಡಿ, ಮಾತಾಡಿಸಿಕೊಂಡೇ ಹತ್ತಿರ ಹೋಗಿ, ಮೊದಲು ಮಗುವನ್ನು ಈಸಿಕೊಂಡು ಆಮೇಲೆ ಇವಳ ಕೈ ಹಿಡಿದು ಎಬ್ಬಿಸಿಕೊಂಡು ಬಂದಿದ್ದಳು. ಆ ಅಜ್ಜಿ ಯಾರೋ, ನಾನು ಅವಳ ಮುಖವನ್ನೇ ನೋಡಿಲ್ಲ. ದಿನಾ ದೀಪ ಹಚ್ಚುವಾಗ ನೆನೆಸಿಕೊಳ್ಳುತ್ತೇನೆ.

ಯಜಮಾನರು, ಅತ್ತೆ, ನಾನು ಕೂಡಲೇ ಹೊರಟೆವು. ಪಾವಗಡದ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಂಬಿ ಹಿಡಿದು ಕೂತಿದ್ದರು. ಆ ಬಾಯಿ ಅಷ್ಟು ದೂರ ಸುಮ್ಮನಿದ್ದದ್ದು ನಾನು ಕಂಡಿರಲಿಲ್ಲ. ಬೀಗರ ಮನೆಯಲ್ಲಿ ಮಗು ಬೀಗಿತ್ತಿಯ ತೊಡೆಯ ಮೇಲಿತ್ತು, ಗಿರಿಜಾಳನ್ನು ಒಳಕೋಣೆಯಲ್ಲಿ ಕೂರಿಸಿದ್ದರು. ಗಾಳಿ ಮೆಟ್ಟಿದೆ, ಆಂಧ್ರದ ಗಡಿಯಾಚೆ ಯಾರೋ ದೆವ್ವಕ್ಕೆ ಕಟ್ಟು ಹಾಕುತ್ತಾರೆ, ಶುಕ್ರವಾರ ಕರೆದುಕೊಂಡು ಹೋಗುತ್ತೇವೆ ಎಂದರು ಬೀಗಿತ್ತಿ. ಟೆಸ್ಟಿನಲ್ಲೇ ಏನೂ ಇಲ್ಲವಲ್ಲ ಎಂದು ಮತ್ತೆ ಮತ್ತೆ ಅಂದರು. ನಾನು ಅತ್ತೆಯ ಮುಖ ನೋಡಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದರು. ಈ ಸಲ ಬೇಡವೆಂದು ತಲೆ ಆಡಿಸಲಿಲ್ಲ.

ಬ್ಯಾಗಿನಿಂದ ನನ್ನ ಮಾತ್ರೆಯ ಬಾಟಲಿ ತೆಗೆದು ಮುಂದಿಟ್ಟೆ. ನನಗೆ ಥೈರಾಯ್ಡ್ ಇಲ್ಲ, ಯಾವತ್ತೂ ಇರಲಿಲ್ಲ, ಇದು ಮನಸ್ಸಿನ ಕಾಯಿಲೆಯ ಮಾತ್ರೆ, ಗಿರಿಜಾಗೆ ಬಂದಿರುವುದೂ ಅದೇ, ಡಾಕ್ಟರಿಗೆ ತೋರಿಸಿದರೆ ವಾಸಿಯಾಗುತ್ತದೆ ಎಂದೆ. ಬೀಗಿತ್ತಿ ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

"ಅಂದ್ರೆ ಇದು ನಿಮ್ಮನೇಲೇ ಐತಾ?"

ಅತ್ತೆ ಎರಡು ವರ್ಷ ಯಾವ ಮಾತಿಗೆ ಹೆದರಿದ್ದರೋ ಅದೇ ಮಾತು. ನಾನು ಈ ಮನೆಗೆ ಬಂದ ಸೊಸೆ, ಗಿರಿಜಾ ಹುಟ್ಟಿದವಳು, ನನ್ನ ಕಾಯಿಲೆ ಅವಳಿಗೆ ಹೇಗೆ ಅಂಟುತ್ತದೆ ಎಂದು ಯಜಮಾನರು ಎಷ್ಟು ಹೇಳಿದರೂ ಕೇಳುವವರಿರಲಿಲ್ಲ. ವಾಸಿ ಮಾಡಿಸಿಕೊಂಡು ಕಳಿಸಿ, ಮಗು ಇಲ್ಲಿರಲಿ ಎಂದರು ಬೀಗಿತ್ತಿ. ಗಿರಿಜಾಳ ಗಂಡ ಬಾಗಿಲಿಗೆ ಒರಗಿ ನಿಂತಿದ್ದರು.

ನಾನು ಒಳಕೋಣೆಗೆ ಹೋಗಿ ಗಿರಿಜಾಳ ಪಕ್ಕದಲ್ಲಿ ಕೂತೆ. ಹೊರಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಅವಳ ಕೂದಲು ಎಷ್ಟು ದಿನದಿಂದ ಬಾಚಿರಲಿಲ್ಲವೋ, ಗಂಟುಗಟ್ಟಿತ್ತು. ನನ್ನ ಮುಖ ನೋಡದೆಯೇ ಕೇಳಿದಳು.

"ಅವತ್ತು ಫೋನ್ ಮಾಡಿದ್ನಲ್ಲ ಅತ್ತಿಗೆ. ಅವತ್ತೇ ಹೇಳ್ಬೋದಿತ್ತಲ್ಲ?"

ಬಾಚಣಿಗೆ ಹುಡುಕಿ ತಂದು, ತುದಿಯಿಂದ ಒಂದೊಂದೇ ಗಂಟು ಬಿಡಿಸುತ್ತಾ ಕೂತೆ. ಅವಳು ಬೇಡವೆನ್ನಲಿಲ್ಲ.

ಗಿರಿಜಾ ಈಗ ನಮ್ಮ ಮನೆಯಲ್ಲಿದ್ದಾಳೆ. ಐದು ತಿಂಗಳಾಯಿತು. ಹದಿನೈದು ದಿನಕ್ಕೊಮ್ಮೆ ಅವಳ ಗಂಡ ಮಗುವನ್ನು ಕರೆತಂದು ತೋರಿಸಿ ಸಂಜೆಯ ಬಸ್ಸಿಗೆ ವಾಪಸು ಹೋಗುತ್ತಾರೆ. ಮಗು ಹೋದ ಮೇಲೆ ಎರಡು ದಿನ ಅವಳು ಊಟ ಬಿಡುತ್ತಾಳೆ. ಡಾಕ್ಟರು ನಿಧಾನ ಎನ್ನುತ್ತಾರೆ. ನನಗಿಂತ ಅವಳದು ಹೆಚ್ಚು ದಿನ ಹಿಡಿಯುತ್ತದಂತೆ, ತಡವಾಗಿ ಬಂದಿರಿ ಎಂದರು. ತಡವಾದದ್ದು ಯಾಕೆಂದು ಅವರು ಕೇಳಲಿಲ್ಲ.

ಮೊದಲ ಸಲ ಅವಳನ್ನು ಶಿರಾಕ್ಕೆ ಕರೆದೊಯ್ಯುವ ಹಿಂದಿನ ದಿನ ನಾನು ಬಾಷಾ ಸಾಬರ ಅಂಗಡಿಗೆ ಹೋದೆ. ಗಿರಾಕಿಗಳಿದ್ದರು. ಸಾಬರು ಹತ್ತಿಯ ಮೂಟೆಯ ಕಡೆಗೆ ಮುಖ ತಿರುಗಿಸಿದರು. ನಾಳೆ ನಾವು ಶಿರಾದ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ, ನಿಮ್ಮ ಮನೆಯವರನ್ನೂ ಕರೆದುಕೊಂಡು ಬರುತ್ತೀರಾ, ಒಟ್ಟಿಗೆ ಹೋಗೋಣ ಎಂದೆ. ಗಿರಾಕಿಗಳು ಹೋದ ಮೇಲೆ ಸಾಬರು, ಚೆನ್ನಾಗಿದ್ದೀರೇನಮ್ಮ ಎಂದು ಕೇಳಿದರು. ಈಗ ಬಸ್ಸಿನಲ್ಲಿ ಅವರ ಹೆಂಡತಿ ಗಿರಿಜಾಳ ಪಕ್ಕದಲ್ಲೇ ಕೂರುತ್ತಾರೆ. ಶಿರಾ ಬರುವವರೆಗೂ ಒಬ್ಬರ ಕೈ ಇನ್ನೊಬ್ಬರ ಕೈಯಲ್ಲಿರುತ್ತದೆ.

ಹೋದ ತಿಂಗಳು ಕೊರಟಗೆರೆಯಲ್ಲಿ ಯಜಮಾನರ ಚಿಕ್ಕಪ್ಪನ ಮಗನ ಮನೆ ಗೃಹಪ್ರವೇಶ. ಗಿರಿಜಾ ಬರಲೊಲ್ಲೆ ಎಂದಳು, ಅವಳ ಜೊತೆ ಯಜಮಾನರು ಉಳಿದರು. ನಾನು, ಅತ್ತೆ, ಚಂದನಾ ಹೋದೆವು. ಊಟದ ಪಂಕ್ತಿಯಲ್ಲಿ ಅತ್ತೆ ಎದುರು ಸಾಲಿನಲ್ಲಿದ್ದರು. ಬಡಿಸುವವನು ಕೋಸಿನ ಪಲ್ಯದ ಬಕೆಟ್ ಹಿಡಿದು ಬಂದ. ನನ್ನ ಪಕ್ಕ ಕೂತಿದ್ದ ನೆಂಟರೊಬ್ಬರು ನನ್ನ ಎಲೆಗೆ ಕೈ ಅಡ್ಡ ಹಿಡಿದು, ಇವಳಿಗೆ ಬೇಡ, ಥೈರಾಯ್ಡು ಎಂದರು. ಪಾಪ, ಅವರು ಒಳ್ಳೆಯದಕ್ಕೇ ಅಂದದ್ದು. ನಾನು ಬಾಯಿ ತೆರೆಯುವುದರೊಳಗೆ ಎದುರಿನಿಂದ ಅತ್ತೆಯ ದನಿ ಎದ್ದಿತು.

"ಹಾಕಪ್ಪ. ಅವ್ಳಿಗೆ ಥೈರಾಯ್ಡ್ ಇಲ್ಲ. ನಾನು ಸುಳ್ಳು ಯೋಳಿದ್ದೆ." ಒಂದು ಉಸಿರು ಎಳೆದುಕೊಂಡರು. "ಮನಸ್ಸಿಂದು ಮಾತ್ರೆ ತಗಂತಾಳೆ. ನನ್ ಮಗಳೂ ತಗಂತಾಳೆ."

ಎರಡೂ ಸಾಲಿನಲ್ಲಿ ಊಟದ ಸದ್ದು ನಿಂತಿತು. ಬಡಿಸುವವನು ಸೌಟು ಹಿಡಿದು ನನ್ನ ಮುಖ ನೋಡಿದ, ನಾನು ಹಾಕು ಎಂದೆ. ಅತ್ತೆ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು. ಕಲಸಿದ ಅನ್ನ ಬಾಯಿಗೆ ಹೋಗುತ್ತಿರಲಿಲ್ಲ. ಕಣ್ಣೀರು ಎಲೆಯ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ಈ ಮಾತು ಐದಾರು ತಿಂಗಳ ಮೊದಲೇ, ಅವರೆಕಾಯಿ ಬಿಡಿಸುವಾಗ ಬರಬೇಕಿತ್ತು ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಪಲ್ಯ ತಣ್ಣಗಾಗಿತ್ತು, ಉಪ್ಪೂ ಕಡಿಮೆ ಇತ್ತು. ನಾನು ಎಲೆಯಲ್ಲಿ ಒಂದು ಎಸಳೂ ಬಿಡದೆ ತಿಂದೆ.